ಬಸುರಿಯ ತೋಳಿನಿಂದ ತೆಗೆದ ರಕ್ತ

1938ರ ಮಾರ್ಚ್ ತಿಂಗಳಿಂದ ನ್ಯೂಯಾರ್ಕ್ ರಾಜ್ಯದ ಜನನ ಪತ್ರಗಳಲ್ಲಿ ಒಂದು ಹೊಸ ಪ್ರಶ್ನೆ ಸೇರಿಕೊಂಡಿತು. ತಾಯಿ ಬಸುರಿಯಾಗಿದ್ದಾಗ ಅವಳ ರಕ್ತವನ್ನು ಸಿಫಿಲಿಸ್‌ಗಾಗಿ ಪರೀಕ್ಷಿಸಿದ್ದಾರೆಯೇ, ಇಲ್ಲವೇ? ಹೆರಿಗೆ ಮಾಡಿಸಿದವರು ಉತ್ತರ ಬರೆಯಲೇಬೇಕು. ಪರೀಕ್ಷೆಯಲ್ಲಿ ಏನು ಕಂಡಿತು ಎಂಬುದನ್ನು ಮಾತ್ರ ಬರೆಯಕೂಡದು. ಹುಟ್ಟಿದ ಕೂಸಿನ ಮೊದಲ ಕಾಗದದ ಮೇಲೇ ಕಳಂಕ ಹತ್ತದಿರಲಿ ಎಂಬ ಎಚ್ಚರ ಆ ಕಾನೂನು ಬರೆದವರಿಗಿತ್ತು. ತಂದೆಯ ರಕ್ತದ ಬಗ್ಗೆ ಆ ಪತ್ರ ಏನನ್ನೂ ಕೇಳುತ್ತಿರಲಿಲ್ಲ.

ಇಂದು ಯಾವ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದರೂ ಬಸುರಿಯ ತೋಳಿಗೆ ರಬ್ಬರ್ ಪಟ್ಟಿ ಕಟ್ಟಿ ರಕ್ತ ತೆಗೆಯುತ್ತಾರೆ. ಹಿಮೋಗ್ಲೋಬಿನ್, ರಕ್ತದ ಗುಂಪು, ಸಕ್ಕರೆಯ ಜೊತೆಗೆ ಸಿಫಿಲಿಸ್ ಪರೀಕ್ಷೆಯಾದ ವಿಡಿಆರ್‌ಎಲ್, ಎಚ್‌ಐವಿ, ಹೆಪಟೈಟಿಸ್-ಬಿ ಎಂದೂ ಚೀಟಿಯಲ್ಲಿ ಬರೆದಿರುತ್ತದೆ. ಹೆಚ್ಚಿನವರು ಆ ಚೀಟಿಯನ್ನು ಓದುವುದೂ ಇಲ್ಲ. ಯಾರೂ ತಲೆ ಕೆಡಿಸಿಕೊಳ್ಳದಷ್ಟು ಮಾಮೂಲಿಯಾಗಿರುವ ಈ ಪರೀಕ್ಷೆ ಮಾಮೂಲಿಯಾಗಲು ಒಂದೂವರೆ ಶತಮಾನದ ಜಗಳ ಬೇಕಾಯಿತು. ಆ ಜಗಳದ ಉದ್ದಕ್ಕೂ ಕಾಣುವ ಒಂದು ವಿಚಿತ್ರವೆಂದರೆ, ರೋಗ ಬಹುಪಾಲು ಗಂಡನಿಂದ ಮನೆಗೆ ಬರುತ್ತಿತ್ತು, ಅದರ ಸಾಕ್ಷಿ ಮಾತ್ರ ಹೆಂಡತಿಯ ಮೈಯಲ್ಲಿ ಸಿಗುತ್ತಿತ್ತು. ಆಸ್ಪತ್ರೆಯ ಬಾಗಿಲಿಗೆ ಬರುತ್ತಿದ್ದವಳು ಅವಳೊಬ್ಬಳೇ.

ಬಸುರಿಯರನ್ನು ಸಿಫಿಲಿಸ್‌ಗಾಗಿಯೇ ಒಂದೆಡೆ ಸೇರಿಸಿ ಮದ್ದು ಮಾಡಿದ ಮೊದಲ ದೊಡ್ಡ ಪ್ರಯತ್ನ ನಡೆದದ್ದು 1780ರಲ್ಲಿ, ಪ್ಯಾರಿಸ್ ಪಕ್ಕದ ವೋಜಿರಾರ್ ಎಂಬ ಹಳ್ಳಿಯಲ್ಲಿ. ಅದನ್ನು ಶುರುಮಾಡಿಸಿದವನು ವೈದ್ಯನಲ್ಲ, ಪೊಲೀಸ್ ಮುಖ್ಯಸ್ಥ ಲೆನ್ವಾರ್. ಪ್ಯಾರಿಸ್ಸಿನ ಅನಾಥಾಲಯಕ್ಕೆ ಬಂದು ಬೀಳುತ್ತಿದ್ದ ಹಸುಗೂಸುಗಳಲ್ಲಿ ಹಲವಕ್ಕೆ ಹುಟ್ಟಿನಿಂದಲೇ ಪರಂಗಿ ಹುಣ್ಣಿನ ರೋಗ, ಅಂದರೆ ಸಿಫಿಲಿಸ್, ಇರುತ್ತಿತ್ತು. ಅವುಗಳಿಗೆ ಹಾಲೂಡಿಸಲು ಹಳ್ಳಿಗಳಿಂದ ಬಂದ ದಾದಿಯರ ಮೊಲೆಗಳ ಮೇಲೆ ಹುಣ್ಣೇಳುತ್ತಿತ್ತು. ಅವರಿಂದ ಅವರ ಗಂಡಂದಿರಿಗೆ, ಸ್ವಂತ ಮಕ್ಕಳಿಗೆ, ಹಳ್ಳಿಗೆ ರೋಗ ಹಬ್ಬುತ್ತಿತ್ತು. ಕಾಯಿಲೆಯ ಕೂಸನ್ನು ಯಾವ ದಾದಿಯೂ ಮುಟ್ಟದ ಸ್ಥಿತಿ ಬಂದಾಗ ಒಂದು ಉಪಾಯ ಹೂಡಿದರು. ರೋಗವಿರುವ ಬಡ ಬಸುರಿಯರನ್ನು ವೋಜಿರಾರ್‌ಗೆ ತರುವುದು, ಅವರ ಮೈಗೆ ಪಾದರಸದ ಮುಲಾಮು ತಿಕ್ಕುವುದು; ಹೆತ್ತ ಮೇಲೆ ಒಬ್ಬೊಬ್ಬಳೂ ತನ್ನ ಮಗುವಿನ ಜೊತೆ ಒಂದು ಅನಾಥ ಕೂಸಿಗೂ ಹಾಲೂಡಿಸುವುದು. ಪಾದರಸ ಹಾಲಿಗಿಳಿದು ಎರಡು ಕೂಸುಗಳಿಗೂ ಔಷಧಿಯಾಗುತ್ತದೆ ಎಂಬುದು ನಂಬಿಕೆ. ಪಾದರಸ ತಿಕ್ಕಿಸಿಕೊಂಡವರ ಒಸಡು ಬಾಯುತ್ತಿತ್ತು, ಹಲ್ಲು ಅಲ್ಲಾಡುತ್ತಿತ್ತು, ಜೊಲ್ಲು ನಿಲ್ಲದೆ ಸುರಿಯುತ್ತಿತ್ತು. ಅಲ್ಲಿಗೆ ಬಂದ ಕೂಸುಗಳಲ್ಲಿ ಬಹಳಷ್ಟು ಉಳಿಯಲೂ ಇಲ್ಲ. ಫ್ರೆಂಚ್ ಕ್ರಾಂತಿಯ ಗದ್ದಲದ ಹೊತ್ತಿಗೆ ಆ ಆಸ್ಪತ್ರೆ ಮುಚ್ಚಿತು.

ಆದರೂ ಅಲ್ಲಿ ಒಂದು ಸರಿಯಾದ ಎಳೆ ಇತ್ತೆಂದು ನನಗನ್ನಿಸುತ್ತದೆ. ಮಗುವನ್ನು ಉಳಿಸಬೇಕಾದರೆ ತಾಯಿಗೆ, ಅದೂ ಬಸುರಿನಲ್ಲೇ, ಮದ್ದು ಕೊಡಬೇಕು ಎಂಬ ಯೋಚನೆ. ಮುಂದಿನ ನೂರು ವರ್ಷಗಳ ವೈದ್ಯಶಾಸ್ತ್ರ ಆ ಎಳೆಯನ್ನು ಕೈಬಿಟ್ಟಿತು. ಬಿಡಲು ಕಾರಣವಾದದ್ದು ಒಂದು ನಿಯಮ.

1837ರಲ್ಲಿ ಡಬ್ಲಿನ್ನಿನ ಶಸ್ತ್ರವೈದ್ಯ ಏಬ್ರಹಾಂ ಕೊಲ್ಸ್ ಒಂದು ಸಂಗತಿಯನ್ನು ಗಮನಿಸಿ ಬರೆದ. ಸಿಫಿಲಿಸ್ ಇರುವ ಕೂಸು ಬಾಡಿಗೆ ದಾದಿಯ ಹಾಲು ಕುಡಿದರೆ ದಾದಿಗೆ ಹುಣ್ಣಾಗುತ್ತದೆ. ಅದೇ ಕೂಸು ಹೆತ್ತ ತಾಯಿಯ ಹಾಲು ಕುಡಿದರೆ ತಾಯಿಗೆ ಏನೂ ಆಗುವುದಿಲ್ಲ. ಗಮನಿಸಿದ್ದು ಪೂರಾ ನಿಜ. ಅದರಿಂದ ಆ ಕಾಲ ಕಟ್ಟಿಕೊಂಡ ಅರ್ಥ ಪೂರಾ ಸುಳ್ಳು. ತಾಯಿ ಆರೋಗ್ಯವಾಗಿದ್ದಾಳೆ, ರೋಗ ತಂದೆಯ ವೀರ್ಯದಿಂದ ನೇರ ಭ್ರೂಣಕ್ಕೆ ಇಳಿದಿದೆ, ಒಂಬತ್ತು ತಿಂಗಳು ರೋಗಿ ಭ್ರೂಣವನ್ನು ಹೊತ್ತದ್ದರಿಂದ ತಾಯಿಗೆ ಅದು ಮತ್ತೆ ತಗಲದ ಶಕ್ತಿ ಬಂದಿದೆ ಎಂದು ಯುರೋಪಿನ ವೈದ್ಯರು ನಂಬಿದರು. ಈ ‘ಕೊಲ್ಸ್ ನಿಯಮ’ ಪಠ್ಯಪುಸ್ತಕಗಳಲ್ಲಿ ಎಪ್ಪತ್ತು ವರ್ಷ ಕೂತಿತು. ಮೇಲ್ನೋಟಕ್ಕೆ ಇದು ಹೆಂಗಸಿನ ಪರವಾದ ಸಿದ್ಧಾಂತ, ತಪ್ಪೆಲ್ಲ ಗಂಡನದು. ಫಲ ಮಾತ್ರ ಉಲ್ಟಾ. ತಾಯಿಗೆ ರೋಗವೇ ಇಲ್ಲವೆಂದ ಮೇಲೆ ಅವಳಿಗೆ ಮದ್ದೇಕೆ?

ಇತ್ತ ರೋಗವಿದೆಯೆಂದು ಸರ್ಕಾರ ಮೊದಲೇ ತೀರ್ಮಾನಿಸಿಬಿಟ್ಟಿದ್ದ ಇನ್ನೊಂದು ಗುಂಪಿನ ಹೆಂಗಸರಿದ್ದರು. ಬ್ರಿಟನ್ನಿನಲ್ಲಿ 1864ರಿಂದ, ಭಾರತದಲ್ಲಿ 1868ರಿಂದ ಜಾರಿಗೆ ಬಂದ ಸಾಂಕ್ರಾಮಿಕ ರೋಗ ಕಾಯಿದೆಗಳು ದಂಡಿನ ಊರುಗಳ ವೇಶ್ಯೆಯರ ಹೆಸರು ನೋಂದಾಯಿಸಿ, ಅವರನ್ನು ಕಾಲಕಾಲಕ್ಕೆ ತಪಾಸಣೆಗೆ ಎಳೆತಂದು, ರೋಗವಿದೆಯೆಂದರೆ ‘ಲಾಕ್ ಆಸ್ಪತ್ರೆ’ ಎಂಬ ಗುಹ್ಯರೋಗದ ಆಸ್ಪತ್ರೆಯಲ್ಲಿ ಕೂಡಿಹಾಕುತ್ತಿದ್ದವು. ಬೆಂಗಳೂರು ದಂಡು, ಬಳ್ಳಾರಿ ದಂಡು ಎರಡರಲ್ಲೂ ಇಂಥ ಲಾಕ್ ಆಸ್ಪತ್ರೆಗಳಿದ್ದವು. ಬರಿಗಣ್ಣಿಗೆ ಕಂಡದ್ದಷ್ಟೇ ತಪಾಸಣೆ, ರಕ್ತ ಪರೀಕ್ಷೆ ಇನ್ನೂ ಹುಟ್ಟಿರಲಿಲ್ಲ. ಸಿಪಾಯಿಗಳನ್ನೂ ಹಾಗೆಯೇ ನೋಡಬಾರದೇಕೆ ಎಂಬ ಪ್ರಶ್ನೆಗೆ, ಅದರಿಂದ ಅವರ ಮಾನಕ್ಕೆ ಕುಂದು ಎಂಬ ಉತ್ತರ ಸೈನ್ಯದ ಬಳಿ ಸಿದ್ಧವಿತ್ತು. ಜೋಸೆಫಿನ್ ಬಟ್ಲರ್ ಮತ್ತು ಅವಳ ಜೊತೆಗಾರ್ತಿಯರು ಹದಿನೈದಕ್ಕೂ ಹೆಚ್ಚು ವರ್ಷ ಹೋರಾಡಿದ ಮೇಲೆ ಬ್ರಿಟನ್ನಿನ ಕಾಯಿದೆ 1886ರಲ್ಲಿ, ಭಾರತದ್ದು 1888ರಲ್ಲಿ ರದ್ದಾದವು. ಅಷ್ಟು ಕಾಲವೂ ಗೃಹಸ್ಥರ ಮನೆಯ ಬಸುರಿಯರ ಕಡೆ ಯಾರೂ ಕಣ್ಣೆತ್ತಿ ನೋಡಿರಲಿಲ್ಲ.

ನೋಡಿದ ಕೆಲವರಿಗೆ ಬಾಯಿ ಬಿಡುವ ಹಾಗಿರಲಿಲ್ಲ. ಪ್ಯಾರಿಸ್ಸಿನ ಆಲ್ಫ್ರೆಡ್ ಫೂರ್ನಿಯೆ ಆ ಕಾಲದ ಅತಿ ದೊಡ್ಡ ಸಿಫಿಲಿಸ್ ತಜ್ಞ. ಮದುವೆಯಾಗಹೊರಟ ರೋಗಿಗಳಿಗೆ ಕೆಲವು ವರ್ಷ ತಡೆಯಿರೆಂದು ಬುದ್ಧಿ ಹೇಳುತ್ತಿದ್ದ, ಸಿಫಿಲಿಸ್ ಮತ್ತು ಮದುವೆಯ ಬಗ್ಗೆ 1880ರಲ್ಲಿ ಪುಸ್ತಕವನ್ನೇ ಬರೆದ. ರೋಗಿ ಕೇಳದೆ ಹೋದರೆ ಹುಡುಗಿಗೆ ಹೇಳುವಂತಿಲ್ಲ. ವೈದ್ಯನ ಗುಟ್ಟು ಗುಟ್ಟೇ. ಮದುವೆಯಾದ ಮೇಲೆ ಹೆಂಡತಿ ಬಂದರೆ ಅವಳಿಗೂ ರೋಗದ ಹೆಸರು ಹೇಳದೆ ಮದ್ದು ಕೊಡುವುದು ಸಭ್ಯತೆ ಎನಿಸಿಕೊಂಡಿತ್ತು. ಸಂಸಾರ ಉಳಿಯಬೇಕಲ್ಲ! ಯೂಜೆನ್ ಬ್ರಿಯೂ ಎಂಬ ನಾಟಕಕಾರ ಇದನ್ನೇ ವಸ್ತು ಮಾಡಿಕೊಂಡು ‘ಲೆಜಾವಾರಿಯೆ’ ಎಂಬ ನಾಟಕ ಬರೆದು ಫೂರ್ನಿಯೆಗೆ ಅರ್ಪಿಸಿದ. ವೈದ್ಯರ ಮಾತು ಮೀರಿ ಮದುವೆಯಾದವನೊಬ್ಬನಿಂದ ಹೆಂಡತಿ, ಮಗು ರೋಗಕ್ಕೆ ಬೀಳುವ ಕಥೆ. 1901ರಲ್ಲಿ ಪ್ಯಾರಿಸ್ಸಿನ ಸರ್ಕಾರಿ ಸೆನ್ಸಾರ್ ಅದನ್ನು ರಂಗಕ್ಕೆ ಏರಗೊಡಲಿಲ್ಲ.

ಇದಾದ ಕೆಲವೇ ವರ್ಷಗಳಲ್ಲಿ ಬರ್ಲಿನ್ನಿನ ಪ್ರಯೋಗಶಾಲೆಗಳು ಇಡೀ ಚರ್ಚೆಯನ್ನೇ ತಲೆಕೆಳಗು ಮಾಡಿದವು. 1905ರಲ್ಲಿ ಫ್ರಿಟ್ಜ್ ಶಾಡಿನ್ ಮತ್ತು ಎರಿಕ್ ಹಾಫ್‌ಮನ್ ಸಿಫಿಲಿಸ್‌ನ ಸುರುಳಿ ಸೂಕ್ಷ್ಮಾಣುವನ್ನು ಕಂಡರು. ಮರುವರ್ಷ ಆಗುಸ್ಟ್ ಫಾನ್ ವಾಸರ್‌ಮನ್, ಆಲ್ಬರ್ಟ್ ನೈಸರ್, ಕಾರ್ಲ್ ಬ್ರೂಕ್ ಸೇರಿ ರಕ್ತದಲ್ಲಿ ರೋಗದ ಗುರುತು ಹಿಡಿಯುವ ಪರೀಕ್ಷೆಯನ್ನು ಹೊರತಂದರು. ಅದಕ್ಕೆ ಬೇಕಾದ ದ್ರವ್ಯವನ್ನು ಅವರು ತೆಗೆದದ್ದು ಸಿಫಿಲಿಸ್‌ನಿಂದ ಸತ್ತು ಹುಟ್ಟಿದ ಭ್ರೂಣಗಳ ಪಿತ್ತಜನಕಾಂಗದಿಂದ. ಹುಟ್ಟದೇ ಹೋದ ಮಕ್ಕಳ ಮೈಯಿಂದಲೇ ಈ ಪರೀಕ್ಷೆ ಹುಟ್ಟಿತೆಂಬುದು ನೆನಪಿಡಬೇಕಾದ ಸಂಗತಿ. ಆ ಮೇಲೆ ಗೊತ್ತಾದದ್ದು ಇನ್ನೂ ಸೋಜಿಗದ್ದು: ಆರೋಗ್ಯವಂತ ಎತ್ತಿನ ಹೃದಯದ ಸಾರವೂ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತಿತ್ತು! ಪರೀಕ್ಷೆ ತಾನು ಹಿಡಿಯುತ್ತೇನೆ ಎಂದದ್ದನ್ನು ಹಿಡಿಯುತ್ತಲೇ ಇರಲಿಲ್ಲ, ಆದರೂ ಉತ್ತರ ಬಹುಪಾಲು ಸರಿಯಾಗಿಯೇ ಬರುತ್ತಿತ್ತು. ಆಗ ಪೋಲೆಂಡಿನಲ್ಲಿದ್ದ ಲ್ವೂವ್ ನಗರದ ಲುಡ್ವಿಕ್ ಫ್ಲೆಕ್ ಎಂಬ ವೈದ್ಯ ಈ ವಿಚಿತ್ರವನ್ನೇ ಹಿಡಿದುಕೊಂಡು, ವಿಜ್ಞಾನದಲ್ಲಿ ಒಂದು ‘ಸತ್ಯ’ ಹೇಗೆ ಹುಟ್ಟಿ ಬೆಳೆಯುತ್ತದೆ ಎಂದು 1935ರಲ್ಲಿ ಒಂದು ಪುಸ್ತಕ ಬರೆದ. ಅದು ಇಂದಿಗೂ ಓದಿಸಿಕೊಳ್ಳುತ್ತದೆ.

ವಾಸರ್‌ಮನ್ ಪರೀಕ್ಷೆ ಬಂದದ್ದೇ ವೈದ್ಯರು ಕೊಲ್ಸ್ ನಿಯಮದ ‘ಆರೋಗ್ಯವಂತ’ ತಾಯಂದಿರ ರಕ್ತ ತೆಗೆದು ನೋಡಿದರು. ರೋಗದ ಮಕ್ಕಳನ್ನು ಹೆತ್ತ ತಾಯಂದಿರಲ್ಲಿ ಹೆಚ್ಚಿನವರ ರಕ್ತವೂ ಪಾಸಿಟಿವ್. ಅವರಿಗೆ ಮಗುವಿನಿಂದ ರೋಗ ತಗಲದಿದ್ದುದು ಆಗಲೇ ಅವರಲ್ಲಿ ಅದು ಇದ್ದುದರಿಂದ. ಹುಣ್ಣು ಯಾವಾಗಲೋ ಬಂದು, ನೋವಿಲ್ಲದೆ, ಕಾಣದ ಜಾಗದಲ್ಲಿ ತಾನೇ ಮಾಗಿ ಹೋಗಿರುತ್ತಿತ್ತು. ತನಗೆ ಕಾಯಿಲೆ ಇದೆ ಎಂಬ ಸುಳಿವೇ ಇಲ್ಲದೆ ಹೆಂಗಸು ಒಂದರ ಹಿಂದೆ ಒಂದು ಗರ್ಭ ಕಳೆದುಕೊಳ್ಳುತ್ತಿದ್ದಳು. ಹುಟ್ಟಿದ ಕೂಸುಗಳೂ ವಾರಗಳಲ್ಲಿ ತೀರಿಕೊಳ್ಳುತ್ತಿದ್ದವು. ವೀರ್ಯದಿಂದ ನೇರ ಭ್ರೂಣಕ್ಕೆ ಎಂಬ ದಾರಿ ಇರಲೇ ಇಲ್ಲ. ಮಗುವಿಗೆ ಹೋಗುವ ದಾರಿ ತಾಯಿಯ ಮೂಲಕ, ಮಾಸಿನ ಮೂಲಕ.

ಈ ತಿಳಿವಳಿಕೆ ಆಸ್ಪತ್ರೆಯ ಪದ್ಧತಿಯಾಗಿ ಬದಲಾದದ್ದು ಅಮೆರಿಕದ ಬಾಲ್ಟಿಮೋರ್‌ನಲ್ಲಿ. ಗರ್ಭಿಣಿಯರನ್ನು ಹೆರಿಗೆಗೆ ಮುಂಚೆ ನೋಡುವ ಪದ್ಧತಿಯೇ ಆಗ ಹೊಸದು. ಎಡಿನ್‌ಬರೋದ ಜಾನ್ ವಿಲಿಯಂ ಬ್ಯಾಲಂಟೈನ್ 1901ರಲ್ಲಿ, ಬಸುರಿಯರಿಗಾಗಿ ಆಸ್ಪತ್ರೆಯಲ್ಲಿ ಹಾಸಿಗೆ ಬೇಕು ಎಂದು ಲೇಖನ ಬರೆದು ಮೊರೆಯಿಟ್ಟಿದ್ದ. ಬಾಸ್ಟನ್‌ನಲ್ಲಿ ಅದೇ ಹೊತ್ತಿಗೆ ನರ್ಸ್‌ಗಳು ಬಸುರಿಯರ ಮನೆಗೆ ಹೋಗಿ ನೋಡುವುದು ಶುರುವಾಗಿತ್ತು. ಅಲ್ಲಿಯವರೆಗೆ ನೋವು ಕಾಣಿಸಿಕೊಂಡ ಮೇಲೆಯೇ ಸೂಲಗಿತ್ತಿಯನ್ನೋ ವೈದ್ಯನನ್ನೋ ಕರೆಸುತ್ತಿದ್ದುದು. ಹೊಸ ಕ್ಲಿನಿಕ್ಕುಗಳ ಲಕ್ಷ್ಯವೆಲ್ಲ ನಂಜಿನ ಮೇಲೆ: ಕಾಲು ಬಾತಿದೆಯೇ, ಮೂತ್ರದಲ್ಲಿ ಆಲ್ಬುಮಿನ್ ಇದೆಯೇ, ಸೆಳೆತ ಬಂದೀತೇ.

ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ಪ್ರಸೂತಿ ಪ್ರಾಧ್ಯಾಪಕ ಜೆ. ವಿಟ್ರಿಜ್ ವಿಲಿಯಮ್ಸ್ ಲೆಕ್ಕದ ಮನುಷ್ಯ. ಅವನ ಪ್ರಸೂತಿ ಪಠ್ಯಪುಸ್ತಕ, ಹೆಸರು ಅಷ್ಟಿಷ್ಟು ಬದಲಾಗಿ, ಇಂದಿಗೂ ನಮ್ಮ ವೈದ್ಯ ವಿದ್ಯಾರ್ಥಿಗಳ ಮೇಜಿನ ಮೇಲಿದೆ. ತನ್ನ ವಿಭಾಗಕ್ಕೆ ಸಾಲಾಗಿ ದಾಖಲಾದ 10,000 ಹೆಂಗಸರ ಕಡತಗಳನ್ನು ಅವನು ಮುಂದಿಟ್ಟುಕೊಂಡು ಕೂತ. ಬದುಕುವಷ್ಟು ಬಲಿತ ಮೇಲೆ ಹೊಟ್ಟೆಯಲ್ಲೇ ಸತ್ತವು, ಹೆರಿಗೆಯಲ್ಲಿ ಸತ್ತವು, ಹುಟ್ಟಿ ಎರಡು ವಾರದೊಳಗೆ ಸತ್ತವು ಎಲ್ಲ ಸೇರಿ 705 ಸಾವುಗಳಿದ್ದವು. ಪ್ರತಿ ಸಾವಿಗೂ ಕಾರಣ ಹುಡುಕಿದ. ಅವನ ಆಸ್ಪತ್ರೆಯಲ್ಲಿ ಪ್ರತಿ ಹೆರಿಗೆಯ ಮಾಸನ್ನೂ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುವ ಅಭ್ಯಾಸವಿತ್ತು. ಸಿಫಿಲಿಸ್ ಹೊಕ್ಕ ಮಾಸು ಭಾರವಾಗಿ, ಬಿಳಿಚಿಕೊಂಡು ಇರುತ್ತದೆ. ಹೆರಿಗೆಯಾದ ಗಳಿಗೆಯಲ್ಲೇ ಎಸೆದುಬಿಡುವ ಆ ವಸ್ತು ಇಲ್ಲಿ ಸಾಕ್ಷಿ ಹೇಳಿತು.

1915ರಲ್ಲಿ ವಿಲಿಯಮ್ಸ್ ಪ್ರಕಟಿಸಿದ ಲೆಕ್ಕ ಪ್ರಸೂತಿ ವೈದ್ಯರನ್ನು ಬೆಚ್ಚಿಬೀಳಿಸಿತು. 705ರಲ್ಲಿ 186 ಸಾವು, ಅಂದರೆ ಶೇ. 26ಕ್ಕೂ ಹೆಚ್ಚು, ಸಿಫಿಲಿಸ್‌ನಿಂದ. ಕಷ್ಟದ ಹೆರಿಗೆಯಿಂದ ಸತ್ತವು 124. ಎಲ್ಲರೂ ಕಣ್ಣಿಟ್ಟು ಕಾಯುತ್ತಿದ್ದ ನಂಜಿನಿಂದ ಸತ್ತವು ಬರೇ 46. ಆ ಪಟ್ಟಿಯಲ್ಲಿದ್ದ ಎಲ್ಲ ಕಾರಣಗಳಲ್ಲಿ ತಡೆಯಲು ಅತಿ ಸುಲಭವಾದದ್ದೇ ಅತಿ ಹೆಚ್ಚು ಕೊಂದಿತ್ತು.

ವಿಲಿಯಮ್ಸ್ ಮಾಡಿದ ನಿಜವಾದ ದೊಡ್ಡ ಕೆಲಸ ಅದರ ನಂತರದ್ದು. 1916ರಿಂದ ಅವನ ಕ್ಲಿನಿಕ್ಕಿಗೆ ಬಂದ ಪ್ರತಿ ಬಸುರಿಯ ರಕ್ತವನ್ನೂ ಮೊದಲ ಭೇಟಿಯಲ್ಲೇ ವಾಸರ್‌ಮನ್ ಪರೀಕ್ಷೆಗೆ ಕಳಿಸುವುದು ನಿಯಮವಾಯಿತು. ಯಾರಿಗೆ ಪರೀಕ್ಷೆ, ಯಾರಿಗೆ ಬೇಡ ಎಂದು ವೈದ್ಯ ಮುಖ ನೋಡಿ ತೀರ್ಮಾನಿಸುವಂತಿಲ್ಲ. ಬಿಳಿಯರು, ಕರಿಯರು, ಗಟ್ಟಿಮುಟ್ಟಾಗಿರುವವರು, ಚರ್ಚಿಗೆ ತಪ್ಪದೆ ಹೋಗುವವರು ಎಲ್ಲರ ರಕ್ತವೂ ಒಂದೇ ಪ್ರಯೋಗಶಾಲೆಗೆ. ಇದು ಕೇಳಲು ಆಡಳಿತದ ಸಣ್ಣ ಸುತ್ತೋಲೆಯಂತಿದೆ. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯ ಬೆನ್ನೆಲುಬು ಇದೇ. ಲಾಕ್ ಆಸ್ಪತ್ರೆ ಶಂಕೆಯಿಂದ ಶುರುವಾಗಿ ಹೆಂಗಸನ್ನು ಹುಡುಕಿಕೊಂಡು ಹೋಗುತ್ತಿತ್ತು. ಇಲ್ಲಿ ಎಲ್ಲರನ್ನೂ ಪರೀಕ್ಷಿಸುವುದರಿಂದ ಯಾರ ಮೇಲೂ ಶಂಕೆಪಡುವ ಅಗತ್ಯ ಬೀಳಲಿಲ್ಲ.

1920ರಲ್ಲಿ ಅವನು ಹೊಸ ಪದ್ಧತಿಯ ಲೆಕ್ಕ ಕೊಟ್ಟ. ಸುಮಾರು 4,000 ಹೆರಿಗೆಗಳಲ್ಲಿ 302 ಶಿಶು ಸಾವುಗಳು, ಅವುಗಳಲ್ಲಿ ಮೂರರಲ್ಲಿ ಒಂದು ಸಿಫಿಲಿಸ್‌ನಿಂದ. ಪರೀಕ್ಷಿಸಿದಷ್ಟೂ ರೋಗದ ಪಾಲು ಏರಿಯೇ ಕಂಡಿತು. ಆದರೆ ಬಸುರಿನಲ್ಲಿ ಸರಿಯಾಗಿ ಮದ್ದು ಪಡೆದ ತಾಯಂದಿರ ಮಕ್ಕಳು ಬಹುಮಟ್ಟಿಗೆ ಉಳಿದಿದ್ದರು. ಮದ್ದೇ ಸಿಗದವರ ಮಕ್ಕಳಲ್ಲಿ ಅರ್ಧದಷ್ಟಕ್ಕೆ ಕೇಡಾಗಿತ್ತು.

ಆ ಮದ್ದಾದರೂ ಎಂಥದು? 1910ರಲ್ಲಿ ಪಾಲ್ ಎರ್ಲಿಕ್ ಮತ್ತು ಜಪಾನಿನ ಸಹಚಿರೊ ಹಾತಾ ತಂದ ಸಾಲ್ವಾರ್ಸನ್, ಪಾಷಾಣದಿಂದ ಮಾಡಿದ ಔಷಧಿ. ವಾರಕ್ಕೊಮ್ಮೆ ರಕ್ತನಾಳಕ್ಕೆ ಸೂಜಿ ಚುಚ್ಚಬೇಕು. ನಡುನಡುವೆ ಪಾದರಸ ಅಥವಾ ಬಿಸ್ಮತ್. ವಾಂತಿ, ಜ್ವರ, ಕಾಮಾಲೆ ಸಾಮಾನ್ಯ, ಅಪರೂಪಕ್ಕೆ ಸಾವೂ ಉಂಟು. ಪೂರ್ತಿ ಚಿಕಿತ್ಸೆಗೆ ವರ್ಷಕ್ಕೂ ಹೆಚ್ಚು ಕಾಲ ಹಿಡಿಯುತ್ತಿತ್ತು. ಬಸುರಿಗೆ ಅಷ್ಟು ಸಮಯವೆಲ್ಲಿ? ಹೆರಿಗೆಯೊಳಗೆ ಸಾಧ್ಯವಾದಷ್ಟು ಚುಚ್ಚುಮದ್ದು ಮುಗಿಸುವ ಓಟ ಅದು. ತಡವಾಗಿ ಬಂದವಳಿಗೆ ಅದೂ ಇಲ್ಲ. ಟ್ರಾಮಿನಲ್ಲಿ ವಾರವಾರವೂ ಬರುವ ಕಾಸು, ಹಿರಿಯ ಮಕ್ಕಳನ್ನು ನೋಡಿಕೊಳ್ಳುವವರು, ಯಾವ ಕಾಯಿಲೆಗೆ ಹೋಗುತ್ತಿದ್ದೇನೆಂದು ಗಂಡನಿಗೋ ನೆರೆಯವರಿಗೋ ಹೇಳಲು ಒಂದು ನೆಪ, ಇಷ್ಟನ್ನೂ ಅವಳೇ ಹೊಂಚಿಕೊಳ್ಳಬೇಕಿತ್ತು.

ಊರವರ ಬಾಯಲ್ಲಂತೂ ರೋಗದ ಹೆಸರೇ ಬರುವಂತಿರಲಿಲ್ಲ. ನ್ಯೂಯಾರ್ಕ್ ರಾಜ್ಯದ ಆರೋಗ್ಯ ಆಯುಕ್ತ ಥಾಮಸ್ ಪ್ಯಾರನ್ 1934ರಲ್ಲಿ ರೇಡಿಯೋದಲ್ಲಿ ಮಾತನಾಡಬೇಕಿತ್ತು. ಭಾಷಣದಲ್ಲಿ ‘ಸಿಫಿಲಿಸ್’ ಎಂಬ ಶಬ್ದ ಬರಬಾರದೆಂದು ಪ್ರಸಾರ ಸಂಸ್ಥೆ ಸಿಬಿಎಸ್ ಹೇಳಿತು. ಪ್ಯಾರನ್ ಮಾತನಾಡಲು ಒಪ್ಪಲಿಲ್ಲ. ಎರಡು ವರ್ಷಗಳಲ್ಲಿ ಅವನು ಅಮೆರಿಕದ ಸರ್ಜನ್ ಜನರಲ್ ಆದ. 1936ರಲ್ಲಿ, ಸಿಫಿಲಿಸನ್ನು ನಾವೇಕೆ ತೊಡೆದುಹಾಕುತ್ತಿಲ್ಲ ಎಂದು ಕೇಳುವ ಅವನ ಲೇಖನ ರೀಡರ್ಸ್ ಡೈಜೆಸ್ಟ್‌ನಲ್ಲಿ ಬಂದು ಮನೆಮನೆಗೂ ಮುಟ್ಟಿತು. ಅವನು ಪಟ್ಟು ಹಿಡಿದ ಕ್ರಮಗಳಲ್ಲಿ ಮದುವೆಗೆ ಮುಂಚೆ ಗಂಡು ಹೆಣ್ಣು ಇಬ್ಬರಿಗೂ ರಕ್ತ ಪರೀಕ್ಷೆ, ಬಸುರಿನ ಆರಂಭದಲ್ಲಿ ಎಲ್ಲ ಹೆಂಗಸರಿಗೂ ರಕ್ತ ಪರೀಕ್ಷೆ ಸೇರಿದ್ದವು. 1938ರಲ್ಲಿ ನ್ಯೂಯಾರ್ಕ್, ರೋಡ್ ಐಲ್ಯಾಂಡ್ ರಾಜ್ಯಗಳು ಎರಡನೆಯದನ್ನು ಕಾನೂನು ಮಾಡಿದವು. ಹತ್ತು ವರ್ಷಗಳಲ್ಲಿ ಬಹುಪಾಲು ರಾಜ್ಯಗಳು ಅದೇ ದಾರಿ ಹಿಡಿದವು.

ಎರಡು ಕಾನೂನುಗಳ ಮುಂದಿನ ಪಾಡು ಬೇರೆ ಬೇರೆಯಾಯಿತು. ಮದುವೆಯ ಪರೀಕ್ಷೆ ಬೇಡವಾದ ಜೋಡಿಗಳು ಪಕ್ಕದ ರಾಜ್ಯಕ್ಕೆ ಹೋಗಿ ಮದುವೆಯಾಗಿ ಬಂದರು. ಪರೀಕ್ಷಿಸಿದವರಲ್ಲೂ ಸಿಕ್ಕ ರೋಗಿಗಳು ಕಡಿಮೆ. ಬರಬರುತ್ತಾ ರಾಜ್ಯಗಳು ಒಂದೊಂದಾಗಿ ಅದನ್ನು ಕಿತ್ತುಹಾಕಿದವು. ಗಂಡಿನ ರಕ್ತವನ್ನೂ ಕೇಳುತ್ತಿದ್ದ ಕಾನೂನು ಹೀಗೆ ಹೋಯಿತು, ಬಸುರಿಯ ರಕ್ತ ಕೇಳುವ ಕಾನೂನು ಉಳಿಯಿತು.

ಇದೇ ಪ್ಯಾರನ್‌ನ ಇಲಾಖೆ, ಇದೇ ವರ್ಷಗಳಲ್ಲಿ, ದಕ್ಷಿಣದ ಅಲಬಾಮಾದ ಮೇಕನ್ ಕೌಂಟಿಯಲ್ಲಿ ಇನ್ನೊಂದು ಕೆಲಸ ನಡೆಸುತ್ತಿತ್ತು. 1932ರಲ್ಲಿ ಶುರುವಾದ ಟಸ್ಕೀಗಿ ಅಧ್ಯಯನದ ಕಥೆ ಬಹಳ ಮಂದಿಗೆ ಗೊತ್ತು. ಸಿಫಿಲಿಸ್ ಇದ್ದ 399 ಕರಿಯ ಗಂಡಸರಿಗೆ ನಿಮ್ಮ ರಕ್ತ ಕೆಟ್ಟಿದೆ ಎಂದಷ್ಟೇ ಹೇಳಿ, ಮದ್ದಿನ ಸೋಗು ಹಾಕಿ, ರೋಗ ತಾನಾಗಿ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ನಲವತ್ತು ವರ್ಷ ನೋಡುತ್ತಾ ಕೂತರು. ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ಈ ಕಥೆ ಹೇಳುವಾಗ ಹೆಚ್ಚಾಗಿ ಬಿಟ್ಟುಹೋಗುವವರು ಆ ಗಂಡಸರ ಹೆಂಡತಿಯರು. ನ್ಯೂಯಾರ್ಕಿನಲ್ಲಿ ಪ್ರತಿ ಬಸುರಿಯ ರಕ್ತ ತೆಗೆಯಲೇಬೇಕೆಂದು ಕಾನೂನು ಬಂದಾಗ, ಮೇಕನ್ ಕೌಂಟಿಯಲ್ಲಿ ಯಾವ ಯಾವ ಮನೆಯಲ್ಲಿ ರೋಗವಿದೆಯೆಂದು ಇಲಾಖೆಯ ಬಳಿ ಹೆಸರು ಸಮೇತ ಪಟ್ಟಿಯಿತ್ತು. ಆ ಮನೆಗಳ ಹೆಂಗಸರು ಬಸುರಿಯಾಗುತ್ತಲೂ ಹೆರುತ್ತಲೂ ಇದ್ದರು. 1972ರಲ್ಲಿ ಪೀಟರ್ ಬಕ್ಸ್‌ಟನ್ ಎಂಬ ಇಲಾಖೆಯ ಮಾಜಿ ನೌಕರ ಪತ್ರಿಕೆಯವರಿಗೆ ತಿಳಿಸಿ ಬಯಲು ಮಾಡಿದ ಮೇಲೆ ಪರಿಹಾರದ ಮೊಕದ್ದಮೆ ನಡೆಯಿತು. 1975ರಲ್ಲಿ ಹೆಂಡತಿಯರು, ವಿಧವೆಯರು, ಮಕ್ಕಳನ್ನೂ ಉಚಿತ ವೈದ್ಯಕೀಯ ನೆರವಿನ ಪಟ್ಟಿಗೆ ಸೇರಿಸಲಾಯಿತು. ಅವರಲ್ಲಿ ಹುಟ್ಟಿನಿಂದಲೇ ಸೋಂಕು ಪಡೆದವರೂ ಇದ್ದರು.

ಪೆನಿಸಿಲಿನ್ ಸಿಫಿಲಿಸ್‌ಗೆ ನಾಟುತ್ತದೆಂದು 1943ರಲ್ಲಿ ತೋರಿಸಿದವನು ಜಾನ್ ಮಹೋನಿ, ನ್ಯೂಯಾರ್ಕಿನ ಸ್ಟೇಟನ್ ಐಲ್ಯಾಂಡ್‌ನಲ್ಲಿ, ಕೇವಲ ನಾಲ್ಕು ರೋಗಿಗಳ ಮೇಲೆ. ವರ್ಷಗಟ್ಟಲೆಯ ಪಾಷಾಣ, ಪಾದರಸ ದಿನಗಳ ಲೆಕ್ಕಕ್ಕೆ ಇಳಿಯಿತು. ಮುಂದಿನ ದಶಕದಲ್ಲಿ ಮೈಯಲ್ಲಿ ನಿಧಾನವಾಗಿ ಕರಗುವ ಬೆಂಜಥೀನ್ ಪೆನಿಸಿಲಿನ್ ಬಂದು, ಆರಂಭದ ಹಂತದ ರೋಗಕ್ಕೆ 24 ಲಕ್ಷ ಯೂನಿಟ್‌ಗಳ ಒಂದೇ ಸೂಜಿ ಸಾಕೆಂಬಂತಾಯಿತು. ಮಾಸನ್ನು ದಾಟಿ ಕೂಸಿಗೂ ಮುಟ್ಟುವ ಮದ್ದು ಇದು. ವೋಜಿರಾರ್‌ನವರು ಪಾದರಸದಿಂದ ಬಯಸಿದ್ದನ್ನು ಇದು ಮಾಡಿ ತೋರಿಸಿತು.

ಅದೇ ಸ್ಟೇಟನ್ ಐಲ್ಯಾಂಡ್‌ನಲ್ಲಿ ಇನ್ನೊಂದು ಕೆಲಸವೂ ಆಯಿತು, ಅದರ ಗುರುತು ನಮ್ಮ ಊರಿನ ಲ್ಯಾಬುಗಳಲ್ಲಿದೆ. ಆಲ್ಬನಿಯ ಸರ್ಕಾರಿ ಪ್ರಯೋಗಶಾಲೆಯ ಮೇರಿ ಪ್ಯಾಂಗ್‌ಬಾರ್ನ್ 1941ರಲ್ಲಿ ಎತ್ತಿನ ಹೃದಯದ ಸಾರದಿಂದ ಪರೀಕ್ಷೆಗೆ ಬೇಕಾದ ಶುದ್ಧ ಪದಾರ್ಥ ಕಾರ್ಡಿಯೋಲಿಪಿನ್ ಅನ್ನು ಬೇರ್ಪಡಿಸಿದ್ದಳು. ಅದನ್ನು ಬಳಸಿಕೊಂಡು ಸ್ಟೇಟನ್ ಐಲ್ಯಾಂಡ್‌ನ ಗುಹ್ಯರೋಗ ಸಂಶೋಧನಾ ಪ್ರಯೋಗಶಾಲೆಯವರು 1946ರಲ್ಲಿ ಗಾಜಿನ ಪಟ್ಟಿಯ ಮೇಲೆ ನಿಮಿಷಗಳಲ್ಲಿ ಮುಗಿಯುವ ಅಗ್ಗದ ಪರೀಕ್ಷೆ ತಂದರು. ಆ ಪ್ರಯೋಗಶಾಲೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳೇ ವಿಡಿಆರ್‌ಎಲ್. ಅಮೆರಿಕದಲ್ಲಿ 1941ರಲ್ಲಿ ವರದಿಯಾದ ಜನ್ಮಜಾತ ಸಿಫಿಲಿಸ್ ಪ್ರಕರಣಗಳು ಸುಮಾರು 17,600. 1980ರ ಹೊತ್ತಿಗೆ ಮುನ್ನೂರರ ಒಳಗೆ. ಕಥೆ ಮುಗಿಯಿತು ಎಂದು ವೈದ್ಯರು ಅಂದುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಅಷ್ಟರಲ್ಲಿ ಇನ್ನೊಂದು ರೋಗ ಬಂತು. 1986ರಲ್ಲಿ ಚೆನ್ನೈನ ಸುನೀತಿ ಸೋಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಭಾರತದಲ್ಲಿ ಎಚ್‌ಐವಿಯನ್ನು ಮೊದಲು ಪತ್ತೆಹಚ್ಚಿದರು. ಹುಡುಕಾಟ ಮತ್ತೆ ಹಳೆಯ ಜಾಗದಿಂದಲೇ ಶುರುವಾಯಿತು. ರಕ್ತ ಕೊಟ್ಟವರು ಲೈಂಗಿಕ ವೃತ್ತಿಯ ಹೆಂಗಸರು. ಅವರಲ್ಲಿ ಬಹಳ ಮಂದಿ ವಿಜಿಲೆನ್ಸ್ ಹೋಮ್‌ನಲ್ಲಿ ಬಂಧಿಯಾಗಿದ್ದವರು. ರೋಗ ಅವರಲ್ಲಿದೆ, ನಮ್ಮ ಮನೆಗಳಲ್ಲಿಲ್ಲ ಎಂಬ ನೆಮ್ಮದಿ ಹತ್ತು ವರ್ಷ ನಡೆಯಿತು. ಅದನ್ನು ಕೆಡಿಸಿದ್ದು ಬಸುರಿಯರ ರಕ್ತ. ದೇಶದ ಸೋಂಕಿನ ಅಂದಾಜಿಗಾಗಿ ಆಯ್ದ ಆಸ್ಪತ್ರೆಗಳಲ್ಲಿ, ಗರ್ಭಿಣಿಯರ ಮಾಮೂಲಿ ಪರೀಕ್ಷೆಗೆ ತೆಗೆದ ರಕ್ತದಲ್ಲಿ ಉಳಿದದ್ದನ್ನು ಹೆಸರು, ವಿಳಾಸ ಕಿತ್ತುಹಾಕಿ ಎಚ್‌ಐವಿಗಾಗಿ ನೋಡುತ್ತಿದ್ದರು. ಇಷ್ಟು ನೂರು ಜನರಲ್ಲಿ ಇಷ್ಟು ಮಂದಿಗೆ ಎಂದು ಸರ್ಕಾರಕ್ಕೆ ತಿಳಿಯುತ್ತಿತ್ತು. ಆ ಇಷ್ಟು ಮಂದಿ ಯಾರೆಂಬುದು ಯಾರಿಗೂ, ಅವರಿಗೂ, ತಿಳಿಯುತ್ತಿರಲಿಲ್ಲ. ಮೊದಮೊದಲು ಮದ್ದೇ ಇಲ್ಲದ ಕಾಲದಲ್ಲಿ ಇದನ್ನು ಒಪ್ಪಿಕೊಳ್ಳಬಹುದಿತ್ತೇನೋ. ಬಸುರಿಗೂ ಹುಟ್ಟಿದ ಕೂಸಿಗೂ ಕೊಟ್ಟ ಎಜೆಡ್‌ಟಿ ಔಷಧಿ ಮಗುವಿಗೆ ಸೋಂಕು ಹೋಗುವುದನ್ನು ಶೇ. 25.5ರಿಂದ 8.3ಕ್ಕೆ ಇಳಿಸುತ್ತದೆಂದು ಅಮೆರಿಕ ಮತ್ತು ಫ್ರಾನ್ಸಿನ ಅಧ್ಯಯನ 1994ರಲ್ಲೇ ತೋರಿಸಿತ್ತು. ಅದಾದ ಮೇಲೂ ಹೆಸರಿಲ್ಲದ ರಕ್ತವನ್ನು ಎಣಿಸುತ್ತಾ ಹೋದದ್ದನ್ನು ಅಷ್ಟು ಸುಲಭವಾಗಿ ಒಪ್ಪಲು ನನಗಾಗದು.

ಆ ಎಣಿಕೆಯಲ್ಲಿ ಕರ್ನಾಟಕ ದೇಶದ ಆರು ಹೆಚ್ಚು ಸೋಂಕಿನ ರಾಜ್ಯಗಳಲ್ಲೊಂದಾಗಿ ನಿಂತಿತು: ಗರ್ಭಿಣಿಯರಲ್ಲಿ ಶೇ. 1ಕ್ಕಿಂತ ಹೆಚ್ಚು. ಬೆಳಗಾವಿ, ಬಾಗಲಕೋಟೆ ಕಡೆ ಇನ್ನೂ ಹೆಚ್ಚು. 2000ದ ನಂತರ ತಾಯಿಯಿಂದ ಮಗುವಿಗೆ ಸೋಂಕು ತಡೆಯುವ ಕಾರ್ಯಕ್ರಮ ಬಂದು, ರಕ್ತಕ್ಕೆ ಮತ್ತೆ ಹೆಸರು ಅಂಟಿಕೊಂಡಿತು. ಆಪ್ತಸಮಾಲೋಚಕಿಯರು ಕೂತರು, ಬೇಡವೆನ್ನದವರಿಗೆಲ್ಲ ಪರೀಕ್ಷೆ ಎಂಬ ಪದ್ಧತಿ ಬಂತು. ಮೈಸೂರು ತಾಲ್ಲೂಕಿನಲ್ಲಿ ಪೂರ್ಣಿಮಾ ಮಾಧಿವನನ್ ಅವರ ತಂಡ ಸಂಚಾರಿ ಕ್ಲಿನಿಕ್ಕಿನ ಗಾಡಿಯನ್ನು ಹಳ್ಳಿಗಳಿಗೇ ಒಯ್ದು, ಬಸುರಿನ ಉಳಿದ ತಪಾಸಣೆಗಳ ಜೊತೆಯಲ್ಲೇ ಎಚ್‌ಐವಿ ಪರೀಕ್ಷೆಯನ್ನೂ ಮಾಡಿತು.

ಕೊಲ್ಸ್ ನಿಯಮ ಇಲ್ಲಿ ತಿರುವುಮುರುವಾಗಿ ಮರಳಿತು. ಡಬ್ಲಿನ್ನಿನಲ್ಲಿ ತಾಯಿಯನ್ನು ನಿರ್ದೋಷಿಯೆಂದು ಕರೆದು ಮದ್ದು ತಪ್ಪಿಸಿದ್ದರು. ಇಲ್ಲಿ ಮದ್ದು ಸಿಕ್ಕಿತು, ದೋಷ ಹೆಗಲೇರಿತು. ಮನೆಯಲ್ಲಿ ಮೊದಲು ರಕ್ತ ಪರೀಕ್ಷೆಯಾದದ್ದು ಸೊಸೆಯದು. ಆದ್ದರಿಂದ ರೋಗ ತಂದವಳೂ ಅವಳೇ ಎಂದು ಅತ್ತೆ ಮನೆ ತೀರ್ಮಾನಿಸಿತು. ಗಂಡ ಪರೀಕ್ಷೆಗೇ ಬರಲಿಲ್ಲ, ಅಥವಾ ಬೇರೆ ಊರಿಗೆ ಹೋಗಿ ಗುಟ್ಟಾಗಿ ಮಾಡಿಸಿಕೊಂಡು ಸುಮ್ಮನಾದ. ತವರಿಗೆ ಅಟ್ಟಿಸಿಕೊಂಡ ಬಸುರಿಯರ ಕಥೆ ಆ ವರ್ಷಗಳ ಪ್ರತಿ ಆಪ್ತಸಮಾಲೋಚಕಿಯ ಬಳಿಯೂ ಇತ್ತು. ಆಶಾ ಕಾರ್ಯಕರ್ತೆ ಮನೆಗೆ ಬಂದರೇ ಅಕ್ಕಪಕ್ಕದವರಿಗೆ ಗುಮಾನಿ ಎಂದು, ಅಕ್ಕಾ ನೀವು ಮನೆಗೆ ಬರಬೇಡಿ, ನಾನೇ ಬರ್ತೀನಿ ಎಂದು ಬೇಡಿಕೊಂಡವರಿದ್ದರು. ‘ತಾಯಿ ಕಾರ್ಡ್’ ಯಾರ ಕಣ್ಣಿಗೆ ಬೀಳುತ್ತದೆ, ಅದರಲ್ಲಿ ಏನು ಬರೆದಿದೆ ಎಂಬುದು ಕೆಲವರಿಗೆ ಹೆರಿಗೆ ನೋವಿಗಿಂತ ದೊಡ್ಡ ಚಿಂತೆ.

ಎಚ್‌ಐವಿಗೆ ಹಣ ಬಂತು, ಕಿಟ್ ಬಂತು, ಸಿಬ್ಬಂದಿ ಬಂದರು. ಒಂದೇ ತೋಳಿನ ಒಂದೇ ರಕ್ತದಿಂದ ಮಾಡಬಹುದಾಗಿದ್ದ ಸಿಫಿಲಿಸ್ ಪರೀಕ್ಷೆ ಅದೆಷ್ಟೋ ಕಡೆ ಚೀಟಿಯ ಮೇಲಷ್ಟೇ ಉಳಿಯಿತು. 2016ರಲ್ಲಿ ಜಗತ್ತಿನಲ್ಲಿ ಸುಮಾರು 6,61,000 ಜನ್ಮಜಾತ ಸಿಫಿಲಿಸ್ ಪ್ರಕರಣಗಳಿದ್ದವೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿತು. ಎರಡೂ ಸೋಂಕನ್ನು ತಾಯಿಯಿಂದ ಮಗುವಿಗೆ ಹೋಗದಂತೆ ತಡೆದ ಮೊದಲ ದೇಶವೆಂದು ಕ್ಯೂಬಾ 2015ರಲ್ಲಿ ಮನ್ನಣೆ ಪಡೆಯಿತು. ಮರುವರ್ಷ ಥಾಯ್ಲೆಂಡ್, 2019ರಲ್ಲಿ ಶ್ರೀಲಂಕಾ. ಭಾರತ 2015ರಲ್ಲಿ ಸಿಫಿಲಿಸ್‌ಗೂ ರಾಷ್ಟ್ರೀಯ ಕಾರ್ಯತಂತ್ರ ಮಾಡಿಕೊಂಡಿತು. ಈಗ ಒಂದೇ ಪಟ್ಟಿಯ ಮೇಲೆ ಎಚ್‌ಐವಿ, ಸಿಫಿಲಿಸ್ ಎರಡನ್ನೂ ತೋರಿಸುವ ಕಿಟ್‌ಗಳು ಬಂದಿವೆ. ಬೆರಳ ತುದಿಯ ಹನಿ ರಕ್ತ ಸಾಕು. ಮದ್ದು ಮಾತ್ರ ಅದೇ ಹಳೆಯ ಬೆಂಜಥೀನ್ ಪೆನಿಸಿಲಿನ್. ಬಸುರಿಗೆ ಕೊಡಲು ಅದಕ್ಕೆ ಸಮನಾದ ಬದಲಿ ಇನ್ನೂ ಸಿಕ್ಕಿಲ್ಲ. ಅಗ್ಗದ ಮದ್ದಾದ್ದರಿಂದ ತಯಾರಿಸುವವರು ಬೆರಳೆಣಿಕೆಯಷ್ಟು. 2014ರಿಂದ 2016ರ ನಡುವೆ 39 ದೇಶಗಳಲ್ಲಿ ಅದಕ್ಕೆ ಅಭಾವ ಬಂದಿತ್ತು.

ಪರೀಕ್ಷೆಯನ್ನು ಅಷ್ಟು ಮುಂಚೆಯೇ ಕಾನೂನು ಮಾಡಿದ ದೇಶದಲ್ಲೇ ರೋಗ ಮತ್ತೆ ತಲೆಯೆತ್ತಿದೆ. 2012ರಲ್ಲಿ ಮುನ್ನೂರ ಚಿಲ್ಲರೆ ಇದ್ದ ಅಮೆರಿಕದ ಜನ್ಮಜಾತ ಸಿಫಿಲಿಸ್ ಪ್ರಕರಣಗಳು 2023ರಲ್ಲಿ 3,882. ಅದೇ ವರ್ಷ ಅಲ್ಲೂ ಬೆಂಜಥೀನ್ ಪೆನಿಸಿಲಿನ್ ಸಾಲದಾಯಿತು; ಕೊನೆಗೆ ಫ್ರಾನ್ಸಿನ ತಯಾರಿಕೆಯನ್ನು ತರಿಸಿಕೊಳ್ಳಲು ಅನುಮತಿ ಕೊಡಬೇಕಾಯಿತು. ಅಲ್ಲಿ 2022ರಲ್ಲಿ ಸೋಂಕು ತಗುಲಿದ ಮಕ್ಕಳಲ್ಲಿ ಹತ್ತಕ್ಕೆ ಒಂಬತ್ತನ್ನು, ತಾಯಿಗೆ ಹೊತ್ತಿಗೆ ಸರಿಯಾಗಿ ಪರೀಕ್ಷೆ, ಮದ್ದು ಸಿಕ್ಕಿದ್ದರೆ ತಡೆಯಬಹುದಿತ್ತೆಂದು ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಲೆಕ್ಕ ಹಾಕಿದೆ. ಬಸುರಿನ ಮೊದಲಲ್ಲಿ ರಕ್ತ ಶುದ್ಧವಾಗಿದ್ದವಳಿಗೂ, ಮದ್ದು ಪಡೆದು ವಾಸಿಯಾದವಳಿಗೂ, ಚಿಕಿತ್ಸೆಯಾಗದ ಗಂಡನಿಂದ ಹೆರಿಗೆಯೊಳಗೆ ಸೋಂಕು ತಗಲಬಹುದು. ಹಾಗಾಗಿ ಅಲ್ಲಿನ ಪ್ರಸೂತಿ ತಜ್ಞರ ಸಂಘ 2024ರ ಏಪ್ರಿಲ್‌ನಲ್ಲಿ ಹೊಸ ಸಲಹೆ ಹೊರಡಿಸಿತು: ಮೊದಲ ಭೇಟಿಯಲ್ಲಿ ಒಮ್ಮೆ, ಕೊನೆಯ ಮೂರು ತಿಂಗಳಲ್ಲಿ ಒಮ್ಮೆ, ಹೆರಿಗೆಯ ಹೊತ್ತಿನಲ್ಲಿ ಮತ್ತೊಮ್ಮೆ, ಒಟ್ಟು ಮೂರು ಸಲ ಬಸುರಿಯ ರಕ್ತವನ್ನು ಪರೀಕ್ಷಿಸಬೇಕು.